ಮಾಳಿಗೆಯ ಮೇಲಿನ ಪಾರಿವಾಳ, ಗೋದಾಮಿನೊಳಗಿನ ಧಾನ್ಯ

(ಗದಗ ಜಿಲ್ಲೆಯ ಗ್ರಾಮವೊಂದರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಆವರಣದಲ್ಲಿ, ಹಿಂಗಾರಿ ಸುಗ್ಗಿಗೆ ಮುನ್ನ ಏರ್ಪಡಿಸಿದ್ದ ಧಾನ್ಯ ಸಂಗ್ರಹಣೆ ತರಬೇತಿಯಲ್ಲಿ ಬೇಸಾಯ ಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣ)



ಬೆಳಿಗ್ಗೆಯಿಂದ ನೀವು ನುಸಿಯ ಬಗ್ಗೆ ಕೇಳಿದ್ದೀರಿ, ಇಲಿಯ ಬಗ್ಗೆ ಕೇಳಿದ್ದೀರಿ. ಊಟದ ನಂತರದ ಈ ಹೊತ್ತಿನಲ್ಲಿ ನನಗೆ ಹಕ್ಕಿಗಳ ವಿಷಯ ಕೊಟ್ಟಿದ್ದಾರೆ. ನಾನು ಪಕ್ಷಿಶಾಸ್ತ್ರ ಓದಿದವನಲ್ಲ. ಜೋಳ, ಕಡಲೆ, ಕುಸುಬೆಗಳ ಸಾಲಿನ ಅಂತರ, ತೇವಾಂಶ, ಗೊಬ್ಬರ ಇವೇ ನನ್ನ ದಿನನಿತ್ಯದ ಕೆಲಸ. ಆದರೆ ಇದೇ ಸೀಮೆಯ ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಯ ಬೆಳಕಿಂಡಿಯಲ್ಲಿ ಪಾರಿವಾಳಗಳು ಮೂರು ತಲೆಮಾರಿನಿಂದ ಸಂಸಾರ ಹೂಡಿವೆ. ಅವುಗಳ ವಿಷಯದಲ್ಲಿ ನಾನು ತಪ್ಪು ಮಾಡಿ ಕಲಿತದ್ದು ಕೆಲವಿದೆ, ಓದಿ ತಿಳಿದದ್ದು ಕೆಲವಿದೆ. ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ನಾವು ಕೂತಿರುವ ಈ ಗೋದಾಮಿನ ತೊಲೆಗಳನ್ನು ಒಮ್ಮೆ ತಲೆಯೆತ್ತಿ ನೋಡಿರಿ. ನಾನು ಮಾತನಾಡಲು ನಿಂತ ಮೇಲೆ ಎಣಿಸಿದ್ದೇನೆ, 22 ಪಾರಿವಾಳಗಳಿವೆ. ಅವುಗಳ ಕೆಳಗೆ ಚೀಲಗಳ ಮೇಲೆ ಸುಣ್ಣ ಬಳಿದಂತೆ ಕಾಣುವುದು ಸುಣ್ಣವಲ್ಲ. ಅಧ್ಯಕ್ಷರು ಬೇಸರಪಟ್ಟುಕೊಳ್ಳಬಾರದು. ನಾನು ನೋಡಿದ ಗೋದಾಮುಗಳಲ್ಲಿ ಹೆಚ್ಚಿನವು ಇದಕ್ಕಿಂತ ಚೆನ್ನಾಗಿರಲಿಲ್ಲ.

ಒಂದು ಪಾರಿವಾಳ ದಿನಕ್ಕೆ ಎಷ್ಟು ತಿನ್ನುತ್ತದೆ? ಅದರ ಮೈತೂಕ ಸುಮಾರು 300 ಗ್ರಾಂ. ತಿನ್ನುವುದು ಅದರ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 30 ಗ್ರಾಂ ಕಾಳು. ಇದು ಒಂದು ಸಣ್ಣ ಹಿಡಿ. 50 ಹಕ್ಕಿಗಳಿದ್ದರೆ ದಿನಕ್ಕೆ ಒಂದೂವರೆ ಕಿಲೋ, ತಿಂಗಳಿಗೆ 45 ಕಿಲೋ. 50 ಕಿಲೋ ಚೀಲದ ಲೆಕ್ಕದಲ್ಲಿ ತಿಂಗಳಿಗೊಂದು ಚೀಲಕ್ಕೆ ಸ್ವಲ್ಪ ಕಡಿಮೆ. ಅಷ್ಟನ್ನೂ ಅವು ಗೋದಾಮಿನಲ್ಲೇ ತಿನ್ನುವುದಿಲ್ಲ, ಹೊಲದಲ್ಲಿ ಉದುರಿದ ಕಾಳನ್ನೂ ಆರಿಸುತ್ತವೆ. ಆದ್ದರಿಂದ ಇದನ್ನು ನಷ್ಟದ ಪೂರ್ಣ ಲೆಕ್ಕವೆಂದು ನಾನು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ತಿಂದು ಹೋದ ಕಾಳಿಗಿಂತ ಕೆಡಿಸಿ ಹೋದ ಕಾಳೇ ಹೆಚ್ಚು ತೊಂದರೆಯದು. ಹಕ್ಕಿಯ ಹಿಕ್ಕೆಯಲ್ಲಿ ಬೆಳ್ಳಗೆ ಕಾಣುವುದು ಯೂರಿಕ್ ಆಮ್ಲ. ಧಾನ್ಯದಲ್ಲಿ ಯೂರಿಕ್ ಆಮ್ಲ ಕಿಲೋಗೆ 100 ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮಗಳಿವೆ. ಆ ನಿಯಮವನ್ನು ಮುಖ್ಯವಾಗಿ ನುಸಿಯ ಹಾವಳಿ ಅಳೆಯಲು ಬಳಸುತ್ತಾರಾದರೂ ಹಿಕ್ಕೆ ಬಿದ್ದ ಧಾನ್ಯ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಇದೇ ಆಮ್ಲ ತಗಡಿನ ಚಾವಣಿಯ ಸತುವಿನ ಲೇಪವನ್ನು ತಿನ್ನುತ್ತದೆ. ಹಿಕ್ಕೆ ಕೂತ ಜಾಗದಲ್ಲೇ ತಗಡು ಮೊದಲು ತುಕ್ಕು ಹಿಡಿದು ತೂತಾಗುವುದನ್ನು ನೀವು ಕಂಡಿರಬಹುದು. ಮಳೆ ನೀರು ಚೀಲಕ್ಕೆ ಇಳಿದಾಗ ನಾವು ತಗಡನ್ನು ಬೈಯುತ್ತೇವೆ.

ಈಗ ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನಮ್ಮ ಕಾಕಾ ಅವರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಮಾಳಿಗೆ ಹತ್ತಿ ಒಂದು ಸೇರು ಜೋಳ ಚೆಲ್ಲದೆ ಚಹಾ ಕುಡಿದವರಲ್ಲ. ಮಲಗುತ್ತಿದ್ದುದೂ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಅದರ ಗೋಡೆಯ ಮಾಡಗಳಲ್ಲಿ ಹತ್ತು ಹನ್ನೆರಡು ಗೂಡುಗಳು. ಕೆಲವು ವರ್ಷಗಳ ಹಿಂದೆ ಅವರಿಗೆ ಒಣ ಕೆಮ್ಮು ಹತ್ತಿತು. ಊರಿನಲ್ಲಿ ಔಷಧ ಆಯಿತು, ಕಷಾಯ ಆಯಿತು, ಕ್ಷಯವಿರಬಹುದೆಂದು ಕಫ ಪರೀಕ್ಷೆಯೂ ಆಯಿತು. ಕ್ಷಯವಲ್ಲ ಎಂದು ಬಂತು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ ಹುಬ್ಬಳ್ಳಿಯ ಶ್ವಾಸಕೋಶ ತಜ್ಞರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಎದೆಯ ಸ್ಕ್ಯಾನ್ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಪಾರಿವಾಳ ಇವೆಯಾ?" ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ನನಗೆ ಆ ಪ್ರಶ್ನೆ ಅಷ್ಟು ದಿನ ಹೊಳೆದಿರಲಿಲ್ಲ.

ಒಣಗಿದ ಹಿಕ್ಕೆಯ ದೂಳು ಮತ್ತು ಗರಿಯಿಂದ ಉದುರುವ ಹುಡಿ ಇವನ್ನು ವರ್ಷಗಟ್ಟಲೆ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶ ಆ ದೂಳಿನ ವಿರುದ್ಧವೇ ಸಿಡಿಮಿಡಿಗೊಂಡು ಊದಿಕೊಳ್ಳುತ್ತದೆ. ಬಹುಕಾಲ ಮುಂದುವರಿದರೆ ಶ್ವಾಸಕೋಶದಲ್ಲಿ ನಾರು ಬೆಳೆದು ಗಟ್ಟಿಯಾಗುತ್ತದೆ. ಹಾಗಾದ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಪಾರಿವಾಳ ಸಾಕುವವರಲ್ಲಿ ಇದು ಬಹಳ ಹಿಂದಿನಿಂದಲೂ ವೈದ್ಯರಿಗೆ ಗೊತ್ತಿರುವ ಕಾಯಿಲೆ. ಇದಲ್ಲದೆ ಹಳೆಯ ಹಿಕ್ಕೆಯ ರಾಶಿಯಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಅದು ಸಾಮಾನ್ಯವಾಗಿ ಗಟ್ಟಿಮುಟ್ಟಾದವರನ್ನು ಬಿಟ್ಟು, ರೋಗ ನಿರೋಧಕ ಶಕ್ತಿ ಕುಂದಿದವರನ್ನು ಹಿಡಿಯುತ್ತದೆ. ಶ್ವಾಸಕೋಶದಿಂದ ಮಿದುಳಿನ ಪೊರೆಗೂ ಹೋಗಬಲ್ಲದು. 2025 ರಲ್ಲಿ ಮುಂಬಯಿಯ ದಾದರಿನ ಹೆಸರಾಂತ ಕಬೂತರಖಾನೆಯನ್ನು ಮಹಾನಗರ ಪಾಲಿಕೆ ಮುಚ್ಚಿದ್ದು, ಅದರ ಮೇಲೆ ದೊಡ್ಡ ಗಲಾಟೆಯಾದದ್ದು, ವಿಷಯ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದದ್ದು ಪತ್ರಿಕೆಗಳಲ್ಲಿ ನೀವು ಓದಿರಬಹುದು. ಅಲ್ಲಿಯೂ ಮುಖ್ಯ ಪ್ರಶ್ನೆ ಉಸಿರಾಟದ ಕಾಯಿಲೆಯದೇ ಆಗಿತ್ತು.

ಇಷ್ಟು ಕೇಳಿ ನಾಳೆಯೇ ಪಾರಿವಾಳಗಳನ್ನೆಲ್ಲ ಮುಗಿಸಿಬಿಡೋಣ ಎಂದು ಯಾರೂ ಏಳಬೇಡಿರಿ. ಮುಗಿಸುವುದರಿಂದ ಕೆಲಸವಾಗುವುದಿಲ್ಲ. ಇದಕ್ಕೆ ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಗರದ ಒಂದು ಒಳ್ಳೆಯ ಉದಾಹರಣೆ ಇದೆ. 1961 ರಿಂದ 1985 ರವರೆಗೆ ಅಲ್ಲಿ ಬಲೆ ಹಾಕಿ, ಗುಂಡು ಹೊಡೆದು ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರು. ಅಷ್ಟಾದರೂ ಊರಿನ ಪಾರಿವಾಳಗಳ ಸಂಖ್ಯೆ ಸುಮಾರು 20 ಸಾವಿರದಲ್ಲೇ ನಿಂತಿತ್ತು. ಕೊಂದಷ್ಟೂ ಉಳಿದವಕ್ಕೆ ಕಾಳು ಹೆಚ್ಚು ಸಿಕ್ಕಿ, ಮರಿಗಳು ಹೆಚ್ಚು ಬದುಕಿದವು. 1988 ರಲ್ಲಿ ದಾರಿ ಬದಲಿಸಿ, ಕಾಳು ಹಾಕುವುದನ್ನು ನಿಲ್ಲಿಸಿರಿ ಎಂದು ಜನರಿಗೆ ತಿಳಿಹೇಳಲು ಆರಂಭಿಸಿದರು. ಸುಮಾರು ನಾಲ್ಕು ವರ್ಷಗಳಲ್ಲಿ, ಅವರು ಎಣಿಸುತ್ತಿದ್ದ ಗುಂಪುಗಳ ಹಕ್ಕಿಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಹಕ್ಕಿಗಳು ಎಷ್ಟಿರಬೇಕೆಂದು ಗೊತ್ತುಮಾಡುವುದು ಕಾಳು, ಬಂದೂಕಲ್ಲ. ನಮ್ಮಲ್ಲಿ ಆ ಕಾಳು ಎಲ್ಲಿದೆ? ಕಣದಲ್ಲಿ, ಮಾಳಿಗೆಯಲ್ಲಿ, ಗೋದಾಮಿನ ಬಾಗಿಲಲ್ಲಿ ಚೆಲ್ಲಿದೆ. ನಾವೇ ಚೆಲ್ಲಿದ್ದೇವೆ.

ವಿಷ ಬೆರೆಸಿದ ಕಾಳು ಇಡುವವರು ಕೆಲವರಿದ್ದಾರೆಂದು ಕೇಳಿದ್ದೇನೆ. ದಯವಿಟ್ಟು ಬೇಡ. ವಿಷಕ್ಕೆ ಪಾರಿವಾಳ ಯಾವುದು, ನವಿಲು ಯಾವುದು ಎಂದು ಗೊತ್ತಿಲ್ಲ. ನವಿಲು 1963 ರಿಂದ ನಮ್ಮ ರಾಷ್ಟ್ರಪಕ್ಷಿ. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿದೆ. ಒಂದು ನವಿಲು ಸತ್ತರೆ ಕಾನೂನು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ವಿಷ ತಿಂದು ಬಿದ್ದ ಹಕ್ಕಿಯನ್ನು ನಾಯಿ ತಿಂದರೆ ನಾಯಿಯೂ ಹೋಯಿತು. ಆ ಕಾಳು ಉಳಿದು ಒಳ್ಳೆಯ ಕಾಳಿನೊಂದಿಗೆ ಕೂಡಿದರೆ ಏನಾಗುತ್ತದೆಂದು ಮಕ್ಕಳಿರುವ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ಹಿಡಿದು ದೂರ ಬಿಟ್ಟು ಬರುತ್ತೇವೆ ಎನ್ನುವವರೂ ಇದ್ದಾರೆ. ನೀವು ಟೆಂಪೊದಲ್ಲಿ ಕೊಪ್ಪಳದ ಆಚೆ ಬಿಟ್ಟು ಊರಿಗೆ ಮರಳುವಷ್ಟರಲ್ಲಿ ಅದು ತೊಲೆಯ ಮೇಲೆ ಕೂತಿರುತ್ತದೆ. ಒಡಿಶಾ ರಾಜ್ಯದ ಪೊಲೀಸರು 1946 ರಲ್ಲಿ ಕಟ್ಟಿದ ಪಾರಿವಾಳ ಟಪಾಲು ಪಡೆ ನಡೆದದ್ದೇ ಹಕ್ಕಿಯ ಈ ಗುಣದ ಮೇಲೆ. ಎಲ್ಲಿ ಬಿಟ್ಟರೂ ಅದು ತನ್ನ ಗೂಡಿಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಹಕ್ಕಿ ನಮ್ಮ ಮನೆಗೇಕೆ ಬಂತೆಂದು ತಿಳಿಯಬೇಕು. ಪಾರಿವಾಳ ಮರದ ಹಕ್ಕಿಯಲ್ಲ, ಬಂಡೆಯ ಹಕ್ಕಿ. ಜೋಗದ ಜಲಪಾತದ ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಇದರ ಕಾಡು ಬಳಗ ಇಂದಿಗೂ ಗೂಡು ಕಟ್ಟುತ್ತದೆ. ಹಕ್ಕಿಯ ಕಣ್ಣಿಗೆ ನಮ್ಮ ಗೋದಾಮು ಕೂಡ ಒಂದು ಬಂಡೆ. ಕಿಟಕಿಯ ಮೇಲಿನ ಸಜ್ಜಾ ಅದಕ್ಕೆ ಬಂಡೆಯ ಚಾಚು, ಬೆಳಕಿಂಡಿ ಅದಕ್ಕೆ ಗವಿ. ಗೂಡಿಗೆ ನಾಲ್ಕು ಕಡ್ಡಿ ಸಾಕು, ಉಳಿದದ್ದನ್ನು ಹಿಕ್ಕೆಯೇ ಗಾರೆಯಂತೆ ಹಿಡಿದಿಡುತ್ತದೆ. ಎರಡು ಮೊಟ್ಟೆ, ಸುಮಾರು 18 ದಿನ ಕಾವು, ಮರಿ ಗೂಡು ಬಿಡಲು ಮತ್ತೆ ಸುಮಾರು ಒಂದು ತಿಂಗಳು. ಬೇರೆ ಹಕ್ಕಿಗಳು ಮರಿಗೆ ಹುಳು ಹುಡುಕಬೇಕು, ಆದ್ದರಿಂದ ಅವಕ್ಕೆ ಕಾಲಮಾನ ಉಂಟು. ಪಾರಿವಾಳ ತನ್ನ ಗಂಟಲ ಚೀಲದಲ್ಲೇ ಹಾಲಿನಂಥ ಆಹಾರ ಮಾಡಿ ಮರಿಗೆ ಉಣಿಸುತ್ತದೆ, ಗಂಡು ಹೆಣ್ಣು ಎರಡೂ ಉಣಿಸುತ್ತವೆ. ಕಾಳು ಸಿಕ್ಕರೆ ಸಾಕು, ವರ್ಷದ ಯಾವ ತಿಂಗಳಾದರೂ ಮರಿ ಮಾಡಬಲ್ಲದು.

ಕೂರಲು ಜಾಗ, ಗೂಡಿಗೆ ಜಾಗ, ಹೊಟ್ಟೆಗೆ ಕಾಳು. ಅದಕ್ಕೆ ಬೇಕಾದದ್ದು ಇವು ಮೂರೇ. ಇವನ್ನು ತೆಗೆಯದೆ ಬರೀ ಹೆದರಿಸುವ ಉಪಾಯಗಳೆಲ್ಲ ಒಂದೆರಡು ವಾರದ ಆಟ. ಪ್ಲಾಸ್ಟಿಕ್ ಗೂಬೆ ತಂದಿಟ್ಟವರ ಮನೆಯಲ್ಲಿ ಆ ಗೂಬೆಯ ತಲೆಯ ಮೇಲೆ ಪಾರಿವಾಳ ಕೂತದ್ದನ್ನು ನಾನೇ ನೋಡಿದ್ದೇನೆ. ಹಳೆಯ ಸಿ.ಡಿ., ಹೊಳೆಯುವ ರಿಬ್ಬನ್ ಇವು ಹೊಲದಲ್ಲಿ ತೆನೆ ಹಾಲುಗಾಳಾಗಿರುವ ಕೆಲವು ದಿನಗಳ ಮಟ್ಟಿಗೆ ಗಿಳಿ, ಗುಬ್ಬಿಗಳಿಗೆ ಉಪಯೋಗವಾಗುತ್ತವೆ. ವರ್ಷವಿಡೀ ಅಲ್ಲೇ ವಾಸವಿರುವ ಹಕ್ಕಿಗೆ ಅದು ನಾಲ್ಕೇ ದಿನದಲ್ಲಿ ಪರಿಚಯವಾಗಿಬಿಡುತ್ತದೆ. ಇನ್ನು ಮನುಷ್ಯನಿಗೆ ಕೇಳಿಸದ ಶಬ್ದ ಹೊರಡಿಸಿ ಹಕ್ಕಿ ಓಡಿಸುತ್ತದೆಂದು ಮಾರುವ ಯಂತ್ರಗಳು. ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಸ್ವರ ಪಾರಿವಾಳಕ್ಕೂ ಕೇಳುವುದಿಲ್ಲ. ಈ ವಿಷಯದಲ್ಲಿ ಅದರ ಕಿವಿ ನಮ್ಮದಕ್ಕಿಂತ ಮಂದ. ಆ ಯಂತ್ರಕ್ಕೆ ಕೊಡುವ ಹಣದಲ್ಲಿ ಒಳ್ಳೆಯ ಜಾಲರಿ ತನ್ನಿರಿ. ಅಂಟು ಬಳಿಯುವುದೂ ಬೇಡ. ನಮ್ಮ ದೂಳಿನಲ್ಲಿ ಅಂಟು ಬೇಗ ಸತ್ತುಹೋಗುತ್ತದೆ, ಸಾಯುವ ಮುಂಚೆ ಗುಬ್ಬಿಯಂಥ ಬಡ ಜೀವಗಳು ಅದರಲ್ಲಿ ಸಿಕ್ಕಿ ಒದ್ದಾಡುತ್ತವೆ.

ಜಾಲರಿಯ ವಿಷಯಕ್ಕೆ ಬರೋಣ. ಇಲ್ಲಿ ಅಳತೆಯೇ ಮುಖ್ಯ. ಪಾರಿವಾಳವನ್ನು ಮಾತ್ರ ತಡೆಯಬೇಕಾದರೆ 2 ಅಂಗುಲ, ಅಂದರೆ 50 ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆ ಸಾಕು. ಗೊರವಂಕವೂ ಬರಬಾರದೆಂದರೆ ಸುಮಾರು 28 ಮಿಲಿಮೀಟರ್. ಗುಬ್ಬಿಯನ್ನೂ ತಡೆಯಬೇಕಾದರೆ ಮುಕ್ಕಾಲು ಅಂಗುಲ, 19 ಮಿಲಿಮೀಟರ್. ಬಿಸಿಲಿಗೆ ಬೇಗ ಪುಡಿಯಾಗದ ಬಲೆಯನ್ನೇ ಕೇಳಿ ತೆಗೆದುಕೊಳ್ಳಿರಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ಅಗ್ಗದ ಬಲೆ ಹೆಚ್ಚು ಕಾಲ ಬಾಳುವುದಿಲ್ಲ. ಗೋದಾಮಿನ ಗಾಳಿಕಿಂಡಿಗಳಿಗೆ ನೈಲಾನ್ ಬೇಡ, ಇಲಿ ಅಳಿಲುಗಳು ಕಡಿಯುತ್ತವೆ. ಅಲ್ಲಿಗೆ ಅರ್ಧ ಅಂಗುಲದ ವೆಲ್ಡ್ ಮಾಡಿದ ತಂತಿ ಜಾಲರಿ. ಸುಂಡಿಲಿಯ ಕಾಟವಿದ್ದರೆ ಕಾಲು ಅಂಗುಲ. ಹೇಗೂ ಜಾಲರಿ ಹಾಕುತ್ತಿದ್ದೇವೆ, ಬೆಳಿಗ್ಗೆ ಕೇಳಿದ ಇಲಿಯ ಕೆಲಸವೂ ಅದರಲ್ಲೇ ಆಗಿಬಿಡಲಿ.

ಬಲೆಯನ್ನು ಜೋಲು ಬೀಳುವಂತೆ ಕಟ್ಟಬಾರದು. ಸುತ್ತ ಜಿ.ಐ. ತಂತಿ ಎಳೆದು, ಅದಕ್ಕೆ ಬಲೆಯನ್ನು ಗೇಣಿಗೊಂದರಂತೆ ಕಟ್ಟಿ, ಡೋಲಿನ ಚರ್ಮದಂತೆ ಬಿಗಿಯಾಗಿರಬೇಕು. ಜೋಲು ಬಲೆಯಲ್ಲಿ ಹಕ್ಕಿಯ ಕಾಲು ರೆಕ್ಕೆ ಸಿಕ್ಕಿಕೊಳ್ಳುತ್ತವೆ. ಎತ್ತರದಲ್ಲಿ ಸತ್ತು ನೇತಾಡುವ ಹಕ್ಕಿಯನ್ನು ಬಿಡಿಸಲು ಯಾರೂ ಏಣಿ ಹತ್ತುವುದಿಲ್ಲ.

ಗೋದಾಮಿನಲ್ಲಿ ಹೆಚ್ಚಿನವರು ಮರೆಯುವ ಒಂದು ಜಾಗವಿದೆ. ಏಣು ತಗಡು ಗೋಡೆಯ ಮೇಲೆ ಕೂರುವಲ್ಲಿ ಏಣಿನ ಕೆಳಗೆ ಸಾಲು ಸಾಲಾಗಿ ಸಂದುಗಳು ಉಳಿಯುತ್ತವೆ. ಕಿಂಡಿಗೆಲ್ಲ ಜಾಲರಿ ಹೊಡೆದು ಈ ಸಂದುಗಳನ್ನು ಬಿಟ್ಟರೆ ಗುಬ್ಬಿಗಳಿಗೆ ಹೆದ್ದಾರಿ ಮಾಡಿಕೊಟ್ಟಂತೆ. ಅಲ್ಲಿ ಗಾರೆ ತುಂಬಬೇಕು, ಇಲ್ಲವೆ ಜಾಲರಿಯ ಪಟ್ಟಿಯನ್ನು ಮಡಚಿ ಒತ್ತಬೇಕು. ಬಾಗಿಲು ಇನ್ನೊಂದು ದಾರಿ. ಚೀಲ ಇಳಿಸುವ ದಿನ ಅದು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಹಳೆಯ ಬಲೆಯನ್ನೇ ಪರದೆಯಂತೆ, ಕೆಳಗೆ ಭಾರಕ್ಕೆ ಒಂದು ಕಬ್ಬಿಣದ ಸಲಾಕೆ ಕಟ್ಟಿ ಇಳಿಬಿಟ್ಟರೆ ಹಮಾಲರಿಗೂ ತೊಂದರೆಯಿಲ್ಲ.

ಮಾಳಿಗೆ, ತಾರಸಿಗಳ ಅಂಚಿನಲ್ಲಿ ಕೂರುವ ಹಕ್ಕಿಗೆ ಕೂರುವ ಸುಖ ತಪ್ಪಿಸಿದರಾಯಿತು. ಅಂಚುಗೋಡೆಯ ತಲೆ ಮಟ್ಟಸವಾಗಿದ್ದರೆ ಅದರ ಮೇಲೆ ಗಾರೆಯಿಂದ ಇಳಿಜಾರು ಮಾಡಿರಿ. ಇಳಿಜಾರು 45 ಡಿಗ್ರಿಗಿಂತ ಕಡಿಮೆಯಿದ್ದರೆ ಹಕ್ಕಿ ಕಾಲು ಊರುತ್ತದೆ, 60 ಡಿಗ್ರಿಗೆ ಹತ್ತಿರವಾದಷ್ಟೂ ಒಳ್ಳೆಯದು. ಹೊಸ ಮನೆ ಕಟ್ಟುವವರು ಗೌಂಡಿಗೆ ಈಗಲೇ ಹೇಳಿದರೆ ಬೇರೆ ಖರ್ಚೇ ಇಲ್ಲ. ಹಳೆಯ ಗೋಡೆಗೆ ಮೊಳೆ ಹೊಡೆದು, ಅಂಚಿನ ಉದ್ದಕ್ಕೂ ಮೂರು ನಾಲ್ಕು ಅಂಗುಲ ಎತ್ತರದಲ್ಲಿ ತಂತಿ ಎಳೆಯಬಹುದು. ಹಕ್ಕಿಯ ಎದೆಗೆ ತಂತಿ ತಾಗಿ ನಿಲುವು ತಪ್ಪುತ್ತದೆ. ಪೇಟೆಯಲ್ಲಿ ಸಿಗುವ ಮುಳ್ಳುಪಟ್ಟಿಯೂ ಆಗಬಹುದು, ಅದರ ಕಡ್ಡಿಗಳ ತುದಿ ಮೊಂಡಾಗಿರುತ್ತದೆ, ಹಕ್ಕಿಗೆ ಗಾಯವಾಗುವುದಿಲ್ಲ. ಆದರೆ ಮುಳ್ಳಿನ ನಡುವೆ ಕಸ ಕೂತರೆ ಪಾರಿವಾಳ ಅದನ್ನೇ ಗೂಡಿಗೆ ಬಳಸಿಕೊಳ್ಳುತ್ತದೆ. ವರ್ಷಕ್ಕೆರಡು ಸಲ ಕಸ ತೆಗೆಯುವವರಿಗೆ ಮಾತ್ರ ನಾನು ಮುಳ್ಳುಪಟ್ಟಿ ಹೇಳುತ್ತೇನೆ.

ಕಿಂಡಿ ಮುಚ್ಚುವ ಕಾಲದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಕಾಕಾ ಅವರ ಕಾಯಿಲೆ ಗೊತ್ತಾದ ವಾರವೇ ನಾನು ಸಿಟ್ಟಿನಿಂದ ಊರಿಗೆ ಹೋಗಿ, ಒಂದೇ ಭಾನುವಾರದಲ್ಲಿ ಮಾಡಗಳನ್ನೂ ಬೆಳಕಿಂಡಿಯನ್ನೂ ಜಾಲರಿ ಹೊಡೆದು ಗಾರೆ ಮೆತ್ತಿ ಮುಚ್ಚಿ ಬಂದೆ. ಒಳಗೆ ಮರಿಗಳಿವೆಯೇ ಎಂದು ನೋಡುವ ಬುದ್ಧಿ ಬರಲಿಲ್ಲ. ನಾಲ್ಕು ದಿನ ತಾಯಿ ಹಕ್ಕಿಗಳು ಹೊರಗಿನಿಂದ ಜಾಲರಿಗೆ ಬಡಿದುಕೊಂಡವಂತೆ. ಎಂಟನೆಯ ದಿನ ಅವ್ವ ಫೋನ್ ಮಾಡಿದರು. "ಮನೀ ತುಂಬ ನಾತ ಹೊಡೀಲಿಕ್ಕತ್ತೈತಿ, ಬಿತ್ತೋ ಕಡಲಿ ಚೀಲದಾಗ ಹುಳಾ ಬಿದ್ದಾವು, ಬಂದು ನೋಡು" ಎಂದರು. ಗಾರೆ ಒಡೆದು ತೆಗೆದಾಗ ಐದು ಮರಿಗಳು ಸತ್ತಿದ್ದವು. ಕಾಕಾ ನನ್ನನ್ನು ಬೈಯಲಿಲ್ಲ. ಎರಡು ದಿನ ಮಾತನಾಡಲೂ ಇಲ್ಲ.

ಆದ್ದರಿಂದ ಮೊದಲು ಗೂಡುಗಳನ್ನು ನೋಡಿರಿ. ಬರಿದಾದ ಗೂಡನ್ನು ಅಂದೇ ತೆಗೆದು ಆ ಜಾಗ ಮುಚ್ಚಿರಿ. ಮೊಟ್ಟೆ ಮರಿ ಇರುವ ಗೂಡಿನ ದಾರಿಯೊಂದನ್ನು ಬಿಟ್ಟು, ಸುಣ್ಣದಿಂದ ಗುರುತು ಮಾಡಿ ದಿನಾಂಕ ಬರೆಯಿರಿ. ಹೊಸ ಮೊಟ್ಟೆಯಾದರೂ ಏಳು ವಾರದೊಳಗೆ ಮರಿ ಹಾರಿಹೋಗುತ್ತದೆ. ಹಾರಿದ ದಿನವೇ ಮುಚ್ಚಬೇಕು, ಏಕೆಂದರೆ ತಾಯಿ ಹಕ್ಕಿ ಅಷ್ಟರಲ್ಲೇ ಮುಂದಿನ ಮೊಟ್ಟೆಗೆ ಸಿದ್ಧವಾಗಿರುತ್ತದೆ. ಕೊನೆಯ ಕಿಂಡಿಯನ್ನು ನಡುಹಗಲು, ಹಕ್ಕಿಗಳು ಮೇವಿಗೆ ಹೋದ ಹೊತ್ತಿನಲ್ಲಿ, ಒಳಗೆ ಒಂದೂ ಉಳಿದಿಲ್ಲವೆಂದು ನೋಡಿಕೊಂಡು ಮುಚ್ಚಬೇಕು. ಸುಗ್ಗಿಗೆ ಎರಡು ತಿಂಗಳ ಮೊದಲೇ ಕೆಲಸ ಹಿಡಿದರೆ ರಾಶಿ ಬರುವಷ್ಟರಲ್ಲಿ ಗೋದಾಮು ಸಿದ್ಧ. ಈ ಸಲ ನಮಗೆ ಅಷ್ಟು ಸಮಯವಿಲ್ಲ, ಆದ್ದರಿಂದ ಇಂದೇ ಬರಿದಾದ ಗೂಡುಗಳಿಂದ ಆರಂಭಿಸಬೇಕು.

ಗೋದಾಮಿನ ಮೂಲೆಯಲ್ಲಿ ಬಿಳಿ ಮುಖದ ಕಣಜ ಗೂಬೆ ಇದ್ದರೆ ಅದನ್ನು ಪಾರಿವಾಳದ ಲೆಕ್ಕಕ್ಕೆ ಸೇರಿಸಬೇಡಿರಿ. ಅಪಶಕುನವೆಂದು ಕಲ್ಲು ಹೊಡೆಯುವವರಿದ್ದಾರೆ. ಅದು ರಾತ್ರಿಯೆಲ್ಲ ಇಲಿ ಹಿಡಿಯುತ್ತದೆ, ಕೂಲಿ ಕೇಳುವುದಿಲ್ಲ. ಒಳಗಿನಿಂದ ಹೊರಗೆ ಮಾಡಬೇಕಾದರೆ ಹೊರಗೋಡೆಯ ಎತ್ತರದಲ್ಲಿ ಅದಕ್ಕೊಂದು ಮರದ ಪೆಟ್ಟಿಗೆ ಕಟ್ಟಿ, ಮರಿಗಳಿಲ್ಲದ ಕಾಲ ನೋಡಿ ಒಳದಾರಿ ಮುಚ್ಚಿರಿ.

ಹಿಕ್ಕೆ ತೆಗೆಯುವ ಕೆಲಸದಲ್ಲಿ ನಮ್ಮ ಹೆಣ್ಣುಮಕ್ಕಳೇ ಹೆಚ್ಚು ಕಷ್ಟಪಡುತ್ತಾರೆ. ಒಣ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಲೇಬಾರದು. ಮೊದಲು ನೀರು ಚಿಮುಕಿಸಿ ಚೆನ್ನಾಗಿ ನೆನೆಯಲು ಬಿಡಿರಿ. ಮೂಗು ಬಾಯಿಗೆ ಸೆರಗು ಸಾಲದು, ಸಣ್ಣ ದೂಳು ಅದರಲ್ಲಿ ನುಸುಳುತ್ತದೆ. ಕೊರೊನಾ ಕಾಲದಲ್ಲಿ ಪರಿಚಯವಾದ ಎನ್-95 ಮುಖಗವಸು ಆಗಬೇಕು. ಹಸಿ ಹಿಕ್ಕೆಯನ್ನು ಸಲಿಕೆಯಿಂದ ಕೆರೆದು ಚೀಲಕ್ಕೆ ತುಂಬಿರಿ. ಕೆಮ್ಮು ದಮ್ಮು ಇರುವವರು ಈ ಕೆಲಸಕ್ಕೆ ಇಳಿಯಬಾರದು.

ತೆಗೆದ ಹಿಕ್ಕೆಯನ್ನು ಎಸೆಯಬೇಡಿರಿ, ಇಲ್ಲಿ ನನ್ನ ಸ್ವಂತ ವಿಷಯ ಬಂತು. ಸಾರಜನಕ, ರಂಜಕ ಎರಡರಲ್ಲೂ ಇದು ಕೊಟ್ಟಿಗೆ ಗೊಬ್ಬರಕ್ಕಿಂತ ಬಲವಾದದ್ದು. ಇರಾನಿನ ಇಸ್ಫಹಾನ್ ಸುತ್ತಿನ ರೈತರು ಹಿಂದೆ ಈ ಗೊಬ್ಬರಕ್ಕಾಗಿಯೇ ಹೊಲಗಳ ನಡುವೆ ಪಾರಿವಾಳಗಳಿಗೆ ದೊಡ್ಡ ದೊಡ್ಡ ಗೋಪುರಗಳನ್ನು ಕಟ್ಟಿ, ಒಳಗೋಡೆಯ ತುಂಬ ಸಾವಿರಾರು ಗೂಡು ಬಿಟ್ಟು, ವರ್ಷಕ್ಕೊಮ್ಮೆ ಬಾಗಿಲು ತೆಗೆದು ಹಿಕ್ಕೆ ಹೊತ್ತು ಖರಬೂಜದ ಹೊಲಗಳಿಗೆ ಹಾಕುತ್ತಿದ್ದರು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಅವರ ಜಾಣತನ ನೋಡಿರಿ, ಹಕ್ಕಿಗೆ ಮನೆ ಹೊಲದಲ್ಲಿ, ಮನುಷ್ಯನಿಗೆ ಮನೆ ಊರಲ್ಲಿ. ನಾವು ಎರಡನ್ನೂ ಒಂದೇ ಸೂರಿನ ಕೆಳಗೆ ತಂದುಕೊಂಡಿದ್ದೇವೆ. ನಮ್ಮಲ್ಲಿ ಹಿಕ್ಕೆಯನ್ನು ಹಸಿಯಾಗಿ ಬೆಳೆಯ ಬುಡಕ್ಕೆ ಹಾಕಬೇಡಿರಿ, ಬೇರು ಸುಡುತ್ತದೆ. ತಿಪ್ಪೆಯಲ್ಲಿ ಮೇವಿನ ಕೂಳೆ, ಮಣ್ಣು, ಹಿಕ್ಕೆ ಎಂದು ಪದರ ಹಾಕಿ, ತೇವ ಮಾಡಿ ಮುಚ್ಚಿ, ಮೂರು ನಾಲ್ಕು ತಿಂಗಳು ಚೆನ್ನಾಗಿ ಕಳಿತ ಮೇಲೆ ಬಳಸಿರಿ. ಹಸಿಯಾಗಿ ತಿನ್ನುವ ತರಕಾರಿಗಳಿಗೆ ಬೇಡ.

ಮಾಳಿಗೆಯ ಮೇಲೆ ಕಾಳು ಒಣಗಿಸುವವರಿಗೆ ಎರಡು ಮಾತು. ಜೋಳವನ್ನು ಶೇಕಡ 12 ರ ತೇವಾಂಶಕ್ಕೆ ಇಳಿಸಲು ಬಿಸಿಲು ಬೇಕೇ ಬೇಕು, ಹಕ್ಕಿಯ ಕಾರಣಕ್ಕೆ ಅದನ್ನು ಬಿಡುವಂತಿಲ್ಲ. ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ, ನಾಲ್ಕು ಮೂಲೆಗೆ ಇಟ್ಟಿಗೆಯ ಮೇಲೆ ಬಿದಿರು ಇಟ್ಟು, ಅದರ ಮೇಲೆ 19 ಮಿಲಿಮೀಟರ್ ಬಲೆ ಹಾಸಿರಿ. ಬಲೆ ಕಾಳಿಗೆ ತಾಗದೆ ಒಂದು ಗೇಣು ಮೇಲಿರಬೇಕು, ತಾಗಿದರೆ ಹಕ್ಕಿ ಮೇಲಿನಿಂದಲೇ ಕುಕ್ಕುತ್ತದೆ. ಸಂಜೆ ಕಾಳು ಎತ್ತಿದ ಮೇಲೆ ಉದುರಿದ್ದನ್ನು ಬಳಿದು ತೆಗೆಯಿರಿ. ಕೋಳಿಗೆ ಹಾಕಿರಿ, ಮಾಳಿಗೆಯಲ್ಲಿ ಬಿಡಬೇಡಿರಿ.

ಚಾವಣಿಯ ಮಳೆನೀರನ್ನು ಕುಡಿಯಲು ತೊಟ್ಟಿಗೆ ಹಿಡಿಯುವವರು ಈಗ ನಮ್ಮಲ್ಲಿ ಹೆಚ್ಚಾಗುತ್ತಿದ್ದಾರೆ, ಫ್ಲೋರೈಡ್ ಇರುವ ಊರುಗಳಲ್ಲಿ ಅದು ಒಳ್ಳೆಯ ಕೆಲಸ. ಆದರೆ ಬೇಸಿಗೆಯ ಹಿಕ್ಕೆಯೆಲ್ಲ ಮೊದಲ ಮಳೆಗೆ ಕರಗಿ ತೊಟ್ಟಿಗಿಳಿಯುತ್ತದೆ. 1,000 ಚದರ ಅಡಿ ಚಾವಣಿಯ ಮೇಲೆ 2 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 190 ಲೀಟರ್ ನೀರು. ಒಂದು ಡ್ರಮ್ ಎನ್ನಿರಿ. ಕಡಿಮೆಯೆಂದರೆ ಅಷ್ಟನ್ನಾದರೂ ಹೊರಗೆ ಬಿಟ್ಟು ಆಮೇಲೆ ತೊಟ್ಟಿಗೆ ತಿರುಗಿಸಿರಿ. ಕುಡಿಯುವ ಮುಂಚೆ ಸೋಸಿ ಕುದಿಸಿರಿ. ಸೌರ ಪಂಪ್‌ಸೆಟ್ ಇದ್ದವರ ಫಲಕದ ಮೇಲೂ ಹಿಕ್ಕೆ ಬೀಳುತ್ತದೆ. ಒಂದು ಮೂಲೆ ಮುಚ್ಚಿದರೂ ಆ ಸಾಲಿನ ಒಟ್ಟು ವಿದ್ಯುತ್ತು ಇಳಿಯುತ್ತದೆ. ಬೆಳಿಗ್ಗೆ ಫಲಕ ಬಿಸಿಯಾಗುವ ಮುನ್ನ ನೀರು, ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ಚಾವಣಿಯ ಫಲಕಗಳ ಕೆಳಗಿನ ಸಂದಿಗೆ ಸುತ್ತ ಜಾಲರಿ ಕಟ್ಟಿರಿ, ಫಲಕಕ್ಕೆ ಮಾತ್ರ ತೂತು ಕೊರೆಯಬೇಡಿರಿ.

ಮುಂದಿನ ಸಾಲಿನಲ್ಲಿ ಕೂತ ಅಜ್ಜನವರು ಆಗಲೇ ಒಂದು ಮಾತು ಕೇಳಿದರು. "ಸಾಹೇಬ್ರ, ಪಕ್ಷಿಗೆ ಕಾಳು ಹಾಕೋದು ಪುಣ್ಯದ ಕೆಲಸ ಅಂತ ಹಿರ್ಯಾರು ಹೇಳ್ಯಾರಲ್ಲ?" ನಮ್ಮ ಕಾಕಾ ಕೂಡ ಇದನ್ನೇ ಕೇಳಿದರು. "ತಮ್ಮಾ, ನಮ್ಮಪ್ಪ ಹಾಕ್ಕೋತ ಬಂದಾನ, ನಾ ಹಾಕ್ಕೋತ ಬಂದೇನಿ. ಈಗ ಡಾಕ್ಟರ ಬಿಡು ಅಂದ್ರ ಹೆಂಗ ಬಿಡ್ಲಿ?" ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ, ಈಗಲೂ ಪೂರ್ಣ ಉತ್ತರವಿಲ್ಲ. ಡಾಕ್ಟರೂ ಪುಣ್ಯ ಬಿಡಿರೆಂದು ಹೇಳಿರಲಿಲ್ಲ, ಹಕ್ಕಿಯ ದೂಳಿನಿಂದ ದೂರವಿರಿ ಎಂದಿದ್ದರು. ಕೊನೆಗೆ ಆದದ್ದಿಷ್ಟು. ಕಾಕಾ ಮಲಗುವ ಜಾಗ ಕೆಳಗಿನ ಪಡಸಾಲೆಗೆ ಬಂತು. ಸೇರು ಹಿಡಿಯಾಯಿತು. ಮಾಳಿಗೆಯ ಮೇಲೆ ಚೆಲ್ಲುತ್ತಿದ್ದುದು ಈಗ ಊರ ಹೊರಗೆ ನಮ್ಮ ಹೊಲದ ಬೇವಿನ ಮರದ ಬುಡದಲ್ಲಿ, ಅದೂ ನನ್ನ ತಮ್ಮ ಹೊಲಕ್ಕೆ ಹೋದಾಗ ಅವರ ಹೆಸರಿನಲ್ಲಿ ಚೆಲ್ಲಿ ಬರುತ್ತಾನೆ. ಹಕ್ಕಿ ತಿನ್ನುವಷ್ಟೇ, ನೆಲದಲ್ಲಿ ಉಳಿಯದಷ್ಟೇ. ಗುಬ್ಬಿ, ಬೆಳವ, ಗೊರವಂಕ ಎಲ್ಲವೂ ಬರುತ್ತವೆ, ಮನೆಯ ಮೇಲೆ ಮಾತ್ರ ಮೊದಲಿನ ಗುಂಪಿಲ್ಲ. ಕೆಮ್ಮು ಕಡಿಮೆಯಾಗಿದೆ. ಏದುಸಿರು ಪೂರ್ಣ ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎರಡು ವರ್ಷ ಮೊದಲೇ ಕರೆದೊಯ್ದಿದ್ದರೆ ಎಂದು ನನಗೆ ಅನಿಸುವುದುಂಟು. ನಿಮ್ಮ ಮನೆಯಲ್ಲಿ ಪಾರಿವಾಳಗಳಿದ್ದು, ಯಾರಿಗಾದರೂ ಮೂರು ನಾಲ್ಕು ವಾರ ಮೀರಿದ ಒಣ ಕೆಮ್ಮು ಇದ್ದರೆ, ಡಾಕ್ಟರು ಕೇಳದಿದ್ದರೂ ಪಾರಿವಾಳದ ಸಂಗತಿಯನ್ನು ನೀವಾಗಿಯೇ ಹೇಳಿರಿ.

ತಾಯಂದಿರೊಬ್ಬರು ಗುಬ್ಬಿಯನ್ನೂ ಓಡಿಸಬೇಕೇ ಎಂದು ಕೇಳಿದ್ದಾರೆ. ಧಾನ್ಯವಿರುವ ಕೋಣೆಗೆ ಬಾರದಂತೆ ನೋಡಿಕೊಳ್ಳಿರಿ, ಮನೆಯಿಂದ ಓಡಿಸಬೇಡಿರಿ. ನಮ್ಮ ಹಳೆಯ ಮನೆಗಳ ಜಂತಿಯ ಸಂದುಗಳಲ್ಲಿ ಅವಕ್ಕೆ ಜಾಗವಿತ್ತು, ಕಾಂಕ್ರೀಟ್ ತಾರಸಿಯಲ್ಲಿ ಇಲ್ಲ. ಮರಿಗಳಿಗೆ ಅವು ನಿಮ್ಮ ಹಿತ್ತಲಿನ ಹುಳುಗಳನ್ನೇ ಆರಿಸಿ ತಿನ್ನಿಸುತ್ತವೆ. ಒಂದು ಸಣ್ಣ ಮರದ ಪೆಟ್ಟಿಗೆಗೆ 32 ಮಿಲಿಮೀಟರ್, ಅಂದರೆ ಒಂದೂಕಾಲು ಅಂಗುಲದ ತೂತು ಕೊರೆದು ಸೂರಿನ ಕೆಳಗೆ ತೂಗುಹಾಕಿರಿ. ಆ ತೂತಿನಲ್ಲಿ ಗುಬ್ಬಿ ಹೋಗುತ್ತದೆ, ಗೊರವಂಕ ಪಾರಿವಾಳ ಹೋಗುವುದಿಲ್ಲ.

ಈಗ ಅಧ್ಯಕ್ಷರ ಅಪ್ಪಣೆಯಾದರೆ ನಾವೆಲ್ಲ ಎದ್ದು ಈ ಗೋದಾಮಿನ ಕಿಂಡಿಗಳನ್ನೇ ಅಳೆಯೋಣ. ಟೇಪು ತಂದಿದ್ದೇನೆ, ಏಣಿ ಹೊರಗಿದೆ. ಯಾವ ಗೂಡಿನಲ್ಲಿ ಮರಿಯಿದೆ ಎಂದು ಮೊದಲು ಗುರುತು ಮಾಡಿಕೊಂಡು, ಎಷ್ಟು ಅಡಿ ಜಾಲರಿ ಬೇಕೆಂದು ಲೆಕ್ಕ ಹಾಕಿ ಬರೆದುಕೊಡುತ್ತೇನೆ.